ಮತ್ತೆ ವಿಂಡ್‌ಸರ್ಫಿಂಗ್‌ಗೆ ಇಳಿಯೋರು ಯಾವ ಬೋರ್ಡು, ಎಷ್ಟು ದೊಡ್ಡ ಹಾಯಿ ತಗೋಬೇಕು?

2022ರ ಮಳೇಲಿ ನಮ್ಮೂರ ಕೆರೆ ಕೋಡಿ ಬಿತ್ತು. ತುಮಕೂರಿಂದ ಬೈಕಲ್ಲಿ ಅರ್ಧ ಗಂಟೆ ದಾರಿ. ಚಿಕ್ಕಂದಿನಲ್ಲಿ ಆ ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡಿದ್ದೇ ಜಾಸ್ತಿ, ನೀರು ನೋಡಿದ್ದು ಕಮ್ಮಿ. ಮುಂದಿನ ವರ್ಷ ಆಷಾಢದಲ್ಲಿ ಊರಿಗೆ ಹೋಗಿ ಏರಿ ಮೇಲೆ ನಿಂತ್ಕೊಂಡ್ರೆ ಲುಂಗಿ ನಿಲ್ತಿರ್ಲಿಲ್ಲ, ಅಷ್ಟು ಗಾಳಿ, ಮಳೆ ಮಾತ್ರ ಒಂದು ಹನಿ ಇಲ್ಲ, ಕೆರೆ ತುಂಬಾ ಸಣ್ಣ ಸಣ್ಣ ಬಿಳಿ ನೊರೆ ಎದ್ದು ತೂಬಿನ ಕಡೆಗೆ ಓಡ್ತಾ ಇತ್ತು. ಆ ನೊರೆ ನೋಡಿದ ತಕ್ಷಣ ನಂಗೆ ಗೋವಾ ನೆನಪಾಯ್ತು. 1999ರಲ್ಲಿ ಅಲ್ಲಿ ಕೆಲಸದಲ್ಲಿದ್ದಾಗ ದೋನಾ ಪಾವ್ಲಾದಲ್ಲಿ ವಿಂಡ್‌ಸರ್ಫಿಂಗ್, ಅಂದ್ರೆ ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ಗಾಳಿ ಬಲದಲ್ಲಿ ನೀರ ಮೇಲೆ ಹೋಗೋ ಆಟ, ಕಲ್ತಿದ್ದೆ, ನಾಲ್ಕು ವರ್ಷ ಆಡ್ದೆ, ಆಮೇಲೆ ಮದುವೆ, ವರ್ಗಾವಣೆ, ಮನೆ ಸಾಲ ಅಂತ ಬಿಟ್ಟೇಹೋಯ್ತು. ಇಪ್ಪತ್ತು ವರ್ಷ ಆದ್ಮೇಲೆ ಮತ್ತೆ ಶುರು ಮಾಡೋಣ ಅನ್ನಿಸ್ತು. ಮಾಡಿದ್ದೀನಿ ಕೂಡ. ಆದ್ರೆ ಮೊದಲನೇ ಬೋರ್ಡ್ ತಗೊಳೋದ್ರಲ್ಲೇ ತಪ್ಪು ಮಾಡ್ದೆ, ಆ ತಪ್ಪು ಬೇರೆಯವರು ಮಾಡಬಾರ್ದು ಅಂತ ಇದನ್ನ ಬರೀತಾ ಇದ್ದೀನಿ.

ಆ ತಪ್ಪು ಏನು ಅಂದ್ರೆ, ಆಗ ನಾನು ಕೊನೆಗೆ ಓಡಿಸ್ತಾ ಇದ್ದಿದ್ದು 105 ಲೀಟರ್ ಬೋರ್ಡು. ಆ ನಂಬರ್ ತಲೇಲಿ ಕೂತಿತ್ತು. ಗೋವಾ ಕಡೆ ಪರಿಚಯದವರೊಬ್ರ ಹತ್ರ ಅದೇ 105 ಲೀಟರ್‌ದು ಹಳೇದು ಸಿಕ್ತು, ಖುಷಿಯಾಗಿ ಕಾರ್ ಮೇಲೆ ಕಟ್ಕೊಂಡು ತಂದೆ. ಪಂಚಾಯ್ತಿಗೂ ಸಣ್ಣ ನೀರಾವರಿಯವ್ರಿಗೂ ಹೇಳಿ, ಮೀನಿನ ಟೆಂಡರ್ ಹಿಡಿದೋರ ಹತ್ರ ಬಲೆ ಎಲ್ಲಿ ಬಿಟ್ಟಿದ್ದಾರೆ ಅಂತ ಕೇಳ್ಕೊಂಡು ನೀರಿಗಿಳಿದ್ರೆ, ಬೋರ್ಡ್ ಮೇಲೆ ನಿಂತ ತಕ್ಷಣ ಅದು ನನ್ನ ಸಮೇತ ನೀರಿನ ಮಟ್ಟಕ್ಕೆ ಇಳೀತು. ಕಾಲ ಹಿಮ್ಮಡಿ ನೀರೊಳಗೆ, ಬೋರ್ಡಿನ ಮೂತಿ ಮಾತ್ರ ಸ್ವಲ್ಪ ಮೇಲೆ. ಹಗ್ಗ ಹಿಡಿದು ಹಾಯಿ ಎತ್ತೋಕೆ ಹೋದ್ರೆ ಪಕ್ಕಕ್ಕೆ ಮಗುಚ್ತು. ಸಾಯಂಕಾಲದವರೆಗೂ ಇದೇ ಆಯ್ತು, ಒಂದು ಸಲಾನೂ ಹಾಯಿ ಪೂರ್ತಿ ಎದ್ದು ನಿಲ್ಲಲಿಲ್ಲ. ಅಂಗೈ ಬೊಬ್ಬೆ ಎದ್ದಿತ್ತು.

ಕಾರಣ ಬಹಳ ಸರಳ, ಲೆಕ್ಕ ಹಾಕಿದ್ರೆ ಮನೇಲೇ ಗೊತ್ತಾಗ್ತಿತ್ತು. ಬೋರ್ಡಿನ ಮೇಲೆ ಬರೆದಿರೋ ಲೀಟರ್ ಅಂದ್ರೆ ಅದು ಎಷ್ಟು ನೀರನ್ನ ಪಕ್ಕಕ್ಕೆ ತಳ್ಳುತ್ತೆ ಅನ್ನೋ ಲೆಕ್ಕ. ಒಂದು ಲೀಟರ್ ಸಿಹಿನೀರು ಒಂದು ಕೆಜಿ ತೂಗುತ್ತೆ, ಹಂಗಾಗಿ ಒಂದು ಲೀಟರ್ ಬೋರ್ಡು ಒಂದು ಕೆಜಿ ಭಾರ ತೇಲಿಸುತ್ತೆ. ಬಾವೀಲಿ ಈಜು ಕಲಿಯೋವಾಗ ಬೆನ್ನಿಗೆ ಬೆಂಡು ಕಟ್ತಿದ್ರಲ್ಲ, ಸಣ್ಣ ಹುಡುಗನಿಗೆ ಸಾಕಾಗಿದ್ದ ಬೆಂಡು ದೊಡ್ಡ ಆಳಿಗೆ ಸಾಕಾಗಲ್ಲ, ಅಷ್ಟೇ ವಿಷಯ. ಗೋವಾದಲ್ಲಿ ನಾನು 66 ಕೆಜಿ ಇದ್ದೆ. ಬೋರ್ಡು ಸುಮಾರು 8 ಕೆಜಿ, ಹಾಯಿ, ಅದನ್ನ ನಿಲ್ಲಿಸೋ ಕಂಬ ಅಂದ್ರೆ ಮಾಸ್ಟು, ಕೈಯಲ್ಲಿ ಹಿಡಿಯೋ ಅಡ್ಡಕೋಲು ಅಂದ್ರೆ ಬೂಮು ಎಲ್ಲ ಸೇರಿ 9, ಒದ್ದೆ ಬಟ್ಟೆ ಲೈಫ್ ಜಾಕೆಟ್ 2, ಒಟ್ಟು 85. 105ರಲ್ಲಿ 85 ಹೋದ್ರೆ 20 ಲೀಟರ್ ಉಳೀತಿತ್ತು, ಆ ಇಪ್ಪತ್ತೇ ನನ್ನನ್ನ ನೀರಿನ ಮೇಲೆ ಎತ್ತಿ ಹಿಡೀತಿದ್ದಿದ್ದು. ಈಗ ನಾನು 84 ಕೆಜಿ. ಅದೇ ಲೆಕ್ಕ ಹಾಕಿದ್ರೆ ಒಟ್ಟು 103, ಉಳಿಯೋದು 2 ಲೀಟರ್. ಎರಡು ಲೀಟರ್ ಮೇಲೆ ಯಾರು ನಿಲ್ಲೋಕಾಗುತ್ತೆ ಹೇಳಿ. ಅದ್ರ ಮೇಲೆ ಸಮುದ್ರದ ಉಪ್ಪುನೀರು ಕೆರೆ ನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ, ಅಂದ್ರೆ ಅದೇ ಬೋರ್ಡು ಗೋವಾದಲ್ಲಿ ಎರಡೂವರೆ ಕೆಜಿ ಜಾಸ್ತಿ ತೇಲಿಸ್ತಿತ್ತು. ಸಮುದ್ರದಲ್ಲಿ ಕಲ್ತು ಕೆರೆಗೆ ಬಂದೋರು ಇದನ್ನೂ ನೆನಪಲ್ಲಿ ಇಟ್ಕೋಬೇಕು.

ಹಂಗಾದ್ರೆ ಎಷ್ಟು ಲೀಟರ್ ತಗೋಬೇಕು? ಬೋರ್ಡ್ ಮೇಲೆ ನಿಂತ್ಕೊಂಡು ಹಗ್ಗದಲ್ಲಿ ಹಾಯಿ ಎತ್ತಬೇಕು ಅಂದ್ರೆ ನಿಮ್ಮ ಮೈತೂಕಕ್ಕೆ ಕಮ್ಮಿ ಅಂದ್ರೂ 40 ಸೇರಿಸಿ. ಅದು ಹೆಂಗೋ ನಡೆಯುತ್ತೆ ಅನ್ನೋ ಮಟ್ಟ. ವರ್ಷಗಟ್ಟಲೆ ಬಿಟ್ಟಿದ್ದೋರು ನೆಮ್ಮದಿಯಾಗಿ ಶುರು ಮಾಡೋಕೆ ಮೈತೂಕಕ್ಕೆ 70ರಿಂದ 80 ಸೇರಿಸಿದ್ರೆ ಸರಿ. ಪೂರ್ತಿ ಹೊಸಬರಾದ್ರೆ 100 ಸೇರಿಸಿದ್ರೂ ತಪ್ಪಿಲ್ಲ. ನನ್ನ ಲೆಕ್ಕಕ್ಕೆ 84 ಪ್ಲಸ್ 76, 160 ಲೀಟರ್. ಎರಡನೇ ಸಲ ಅದನ್ನೇ ತಗೊಂಡೆ. ಈ ಜಾತಿ ಬೋರ್ಡು ಗಟ್ಟಿ ಕವಚದ್ದು, ತೂಕಾನೂ ಜಾಸ್ತಿ, 12 ಕೆಜಿ ಹತ್ರ ಇದೆ, ಆದ್ರೂ ಎಲ್ಲ ಭಾರ ಕಳೆದು 53 ಲೀಟರ್ ಉಳಿಯುತ್ತೆ. ಮೊದಲನೇ ದಿನಾನೇ ಹಾಯಿ ಎದ್ದಿತು.

ಲೀಟರ್ ಜೊತೆಗೆ ಅಗಲ ನೋಡಬೇಕು, ನನ್ನ ಕೇಳಿದ್ರೆ ಅಗಲವೇ ಇನ್ನೂ ಮುಖ್ಯ. ನಮ್ಮ ಕಾಲದೋರಿಗೆ ಈ ವಿಷಯ ಹೊಸದು. 1968ರಲ್ಲಿ ಅಮೆರಿಕದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ ಪೇಟೆಂಟ್‌ಗೆ ಹಾಕಿದ ಆ ಮೂಲ ವಿಂಡ್‌ಸರ್ಫರ್ ಬೋರ್ಡು 12 ಅಡಿ ಉದ್ದ, ಅಗಲ ಬರೀ 66 ಸೆಂಟಿಮೀಟರ್ ಹತ್ರ. 1996ರಿಂದ 2004ರವರೆಗೆ ಒಲಿಂಪಿಕ್ಸ್‌ನಲ್ಲಿ ಓಡಿಸಿದ ಮಿಸ್ಟ್ರಲ್ ಬೋರ್ಡು 372 ಸೆಂಟಿಮೀಟರ್ ಉದ್ದ, ಅಗಲ 63 ಚಿಲ್ರೆ. 2008ಕ್ಕೆ ಬಂದ ಆರ್‌ಎಸ್‌ಎಕ್ಸ್ ಉದ್ದದಲ್ಲಿ 286ಕ್ಕೆ ಇಳೀತು, ಅಗಲ 93ಕ್ಕೆ ಏರ್ತು. ಅದೇ ಕ್ಲಾಸಲ್ಲಿ ನಮ್ಮ ಈಬಾದ್ ಅಲಿ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದಿದ್ದು. 2024ರ ಪ್ಯಾರಿಸ್‌ಗೆ ಬಂದ ಐಕ್ಯೂಫಾಯಿಲ್ 220 ಉದ್ದ, 95 ಅಗಲ. ನೋಡಿ, ಉದ್ದ ಹೆಚ್ಚೂಕಮ್ಮಿ ಒಂದೂವರೆ ಮೀಟರ್ ಕಮ್ಮಿ ಆಯ್ತು, ಅಗಲ ಅರ್ಧದಷ್ಟು ಜಾಸ್ತಿ ಆಯ್ತು. ನಾವು ಬಿಟ್ಟ ಆಸುಪಾಸಿನಲ್ಲೇ ಈ ಬದಲಾವಣೆ ಆಗಿದ್ದು, ಹಂಗಾಗಿ ನಮ್ಮ ಕಾಲು ಇನ್ನೂ ಹಳೇ ಬೋರ್ಡನ್ನೇ ನೆನಪಿಟ್ಕೊಂಡಿದೆ.

ಅಗಲ ಇದ್ರೆ ಏನಾಗುತ್ತೆ ಅಂದ್ರೆ ಮರದ ದಿಮ್ಮಿ ಮೇಲೆ ನಿಲ್ಲೋದಕ್ಕೂ ತೆಪ್ಪದ ಮೇಲೆ ನಿಲ್ಲೋದಕ್ಕೂ ಇರೋ ವ್ಯತ್ಯಾಸಾನೇ. ಕಾಲು ಮಧ್ಯದ ಗೆರೆಯಿಂದ ಸ್ವಲ್ಪ ಆಚೀಚೆ ಬಿದ್ರೂ ಬೋರ್ಡು ತಡ್ಕೊಳ್ಳುತ್ತೆ, ತಿದ್ದಿಕೊಳ್ಳೋಕೆ ನಿಮಗೆ ಒಂದು ಕ್ಷಣ ಟೈಮ್ ಕೊಡುತ್ತೆ. ಐವತ್ತರ ಹತ್ರ ಇರೋರಿಗೆ ಆ ಒಂದು ಕ್ಷಣ ದೊಡ್ಡ ವರ. ಮತ್ತೆ ಶುರು ಮಾಡೋರು 75ರಿಂದ 85 ಸೆಂಟಿಮೀಟರ್ ಅಗಲದ್ದು, ಉದ್ದ 260ರಿಂದ 290ರೊಳಗಿಂದು ಹುಡುಕಿ. ಮೇಲ್ಮೈ ಮೇಲೆ ಮೆತ್ತನೆ ರಬ್ಬರ್ ಥರದ ಹೊದಿಕೆ ಇದ್ರೆ ಮಂಡಿಗೆ ಒಳ್ಳೇದು, ದಿನಕ್ಕೆ ಎಷ್ಟು ಸಲ ಮಂಡಿ ಊರಿ ಹತ್ತಬೇಕಾಗುತ್ತೆ ಅಂತ ನೆನಪಿರಬಹುದು.

ಇನ್ನೊಂದು, ಬೋರ್ಡಿನ ಹೊಟ್ಟೆಯಿಂದ ಕೆಳಗೆ ಇಳಿಯೋ ಡ್ಯಾಗರ್‌ಬೋರ್ಡ್ ಇರೋದನ್ನೇ ತಗೊಳಿ. ಗಾಳಿ ಬೋರ್ಡನ್ನ ಪಕ್ಕಕ್ಕೆ ತಳ್ಳುತ್ತೆ, ನೀರೊಳಗಿನ ಆ ಹಲಗೆ ತಡೆಯುತ್ತೆ, ತಡೆದಾಗ ಬೋರ್ಡು ಮುಂದಕ್ಕೆ ಹೋಗುತ್ತೆ, ಎರಡು ಬೆರಳ ಮಧ್ಯೆ ಹುಣಸೆಬೀಜ ಒತ್ತಿದ್ರೆ ಚಿಮ್ಮುತ್ತಲ್ಲ ಹಂಗೆ. ಸ್ಪೀಡ್ ಇದ್ದಾಗ ಬೋರ್ಡಿನ ಹಿಂಭಾಗದ ಅಡಿಯಲ್ಲಿರೋ ಸಣ್ಣ ರೆಕ್ಕೆ, ಅಂದ್ರೆ ಫಿನ್, ಒಂದೇ ಈ ಕೆಲಸ ಮಾಡುತ್ತೆ, ನಿಧಾನದಲ್ಲಿ ಅದಕ್ಕೆ ಆಗಲ್ಲ. ಡ್ಯಾಗರ್ ಇಲ್ದಿದ್ರೆ ಸಣ್ಣ ಗಾಳೀಲಿ ಜಾರ್ಕೊಂಡು ಜಾರ್ಕೊಂಡು ಕೆರೆಯ ಆ ದಡಕ್ಕೆ ಹೋಗಿಬಿಡ್ತೀರ, ವಾಪಸ್ ಬರೋದು ಬೋರ್ಡು ಹೊತ್ಕೊಂಡು ಏರಿ ಮೇಲೆ ನಡ್ಕೊಂಡೇ. ಫಿನ್ ವಿಷಯಕ್ಕೆ ಬಂದ್ರೆ ನಮ್ಮ ಕೆರೆಗಳಲ್ಲಿ ಜೊಂಡು, ಪಾಚಿ, ಅಂತರಗಂಗೆ ಜಾಸ್ತಿ. ನೆಟ್ಟಗಿರೋ ಫಿನ್ನಿಗೆ ಅದು ಸುತ್ಕೊಂಡ್ರೆ ಬೋರ್ಡು ಯಾರೋ ಹಿಂದಿಂದ ಹಿಡಿದು ಎಳೆದ ಹಂಗೆ ನಿಲ್ಲುತ್ತೆ. ಹಿಂದಕ್ಕೆ ಬಾಗಿರೋ ವೀಡ್ ಫಿನ್ ಅಂತ ಸಿಗುತ್ತೆ, ಕಳೆ ಅದರ ಮೇಲೆ ಜಾರಿ ಹೋಗುತ್ತೆ, ಅದನ್ನ ಬೋರ್ಡ್ ಜೊತೆಗೇ ಕೇಳಿ ಇಸ್ಕೊಳಿ.

ಈಗ ಹಾಯಿ. ಬೋರ್ಡನ್ನ ಮೈತೂಕ ನೋಡಿ ತಗೋಬೇಕು, ಹಾಯಿಯನ್ನ ಮೈತೂಕ ಮತ್ತೆ ಗಾಳಿ ಎರಡೂ ನೋಡಿ ತಗೋಬೇಕು. ಹಾಯಿ ಅಳತೆ ಚದರ ಮೀಟರಲ್ಲಿ ಇರುತ್ತೆ, 5.5, 6.5 ಅಂತ. ಗಾಳಿಯನ್ನ ನಾಟ್ ಲೆಕ್ಕದಲ್ಲಿ ಅಳೀತಾರೆ, ಒಂದು ನಾಟ್ ಅಂದ್ರೆ ಗಂಟೆಗೆ 1.85 ಕಿಲೋಮೀಟರ್. ಫೋನಲ್ಲಿ ಆ್ಯಪ್ ಇದೆ, ಆದ್ರೆ ಕಣ್ಣಲ್ಲಿ ನೋಡಿ ಅಳೆಯೋದು ಕಲ್ತ್ರೆ ಒಳ್ಳೇದು. ಎಲೆಗಳು, ಸಣ್ಣ ಕಡ್ಡಿಗಳು ಬಿಡದೆ ಅಲ್ಲಾಡ್ತಿದ್ರೆ 7ರಿಂದ 10 ನಾಟ್. ಮಣ್ಣಿನ ರಸ್ತೇಲಿ ಧೂಳೆದ್ದು ಕಾಗದದ ಚೂರು ಹಾರ್ತಿದ್ರೆ 11ರಿಂದ 16. ನೀರಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಾಣೋಕೆ ಶುರುವಾದ್ರೆ 10 ದಾಟ್ತು ಅಂತ ಲೆಕ್ಕ. ಕಣದಲ್ಲಿ ರಾಗಿ ತೂರಿದ ನಮ್ಮ ಹಿರೀಕರಿಗೆ ಇದನ್ನ ಹೇಳ್ಕೊಡೋದೇ ಬೇಕಾಗಿರ್ಲಿಲ್ಲ.

ಎಲ್ರೂ ಎಡವೋದು ಎಲ್ಲಿ ಅಂದ್ರೆ, ಗಾಳಿ ಒಂದೂವರೆ ಪಟ್ಟು ಆದ್ರೆ ಹಾಯಿ ಎಳೆಯೋ ಶಕ್ತೀನೂ ಒಂದೂವರೆ ಪಟ್ಟು ಆಗುತ್ತೆ ಅಂದ್ಕೋತಾರೆ. ಹಂಗಲ್ಲ. ಶಕ್ತಿ ವರ್ಗದ ಲೆಕ್ಕದಲ್ಲಿ ಏರುತ್ತೆ. 10 ನಾಟ್ ಹೋಗಿ 15 ಆದ್ರೆ ಎಳೆತ ಎರಡೂಕಾಲು ಪಟ್ಟು, 20 ಆದ್ರೆ ನಾಲ್ಕು ಪಟ್ಟು. ಆಷಾಢದಲ್ಲಿ ಗಾಳಿಪಟ ಬಿಟ್ಟಿದ್ರೆ ನಿಮ್ಮ ಕೈಗೇ ಗೊತ್ತಿರುತ್ತೆ, ಗಾಳಿ ಸ್ವಲ್ಪವೇ ಏರಿದ ಹಂಗೆ ಅನ್ನಿಸಿದ್ರೂ ದಾರ ಬೆರಳು ಕೊಯ್ಯೋ ಹಂಗೆ ಎಳೆಯುತ್ತೆ. ಅದಕ್ಕೇ ದೊಡ್ಡ ಹಾಯಿ ಒಂದು ತಗೊಂಡು ಎಲ್ಲ ದಿನಾನೂ ಓಡಿಸ್ತೀನಿ ಅನ್ನೋದು ಆಗದ ಮಾತು. ಅದ್ರ ಮೇಲೆ ಕೆರೆ ಗಾಳಿ ಸಮುದ್ರದ ಗಾಳಿ ಥರ ಒಂದೇ ಸಮ ಬರಲ್ಲ, ತೋಪು, ಗುಡ್ಡ, ಏರಿ ದಾಟಿ ಬರುತ್ತೆ, ಒಂದು ನಿಮಿಷ 8 ಇದ್ದಿದ್ದು ಇನ್ನೊಂದು ನಿಮಿಷಕ್ಕೆ 16 ಆಗುತ್ತೆ, ಅಂದ್ರೆ ಕೈಯಲ್ಲಿರೋ ಭಾರ ಒಂದೇ ಸಲಕ್ಕೆ ನಾಲ್ಕು ಪಟ್ಟು.

ಹಾಯಿ ಅಳತೆಗೆ ಬಳಕೇಲಿರೋ ಒಂದು ಅಂದಾಜು ಸೂತ್ರ ಇದೆ. ಮೈತೂಕದ ಕೆಜಿಯನ್ನ 1.4ರಿಂದ ಗುಣಿಸಿ, ಗಾಳಿಯ ನಾಟ್‌ನಿಂದ ಭಾಗಿಸಿ. ನನಗೆ 84 ಗುಣಿಸು 1.4, ಭಾಗಿಸು 15, ಬಂದಿದ್ದು 7.8. ಆದ್ರೆ ಇದು ಪ್ಲೇನಿಂಗ್‌ಗೆ, ಅಂದ್ರೆ ಬೋರ್ಡು ನೀರನ್ನ ಸೀಳ್ಕೊಂಡು ಹೋಗೋದು ಬಿಟ್ಟು ನೀರಿನ ಮೇಲೆ ಜಾರೋ ಹಂತಕ್ಕೆ ಬೇಕಾಗೋ ಅಳತೆ. ಸೊಂಟಕ್ಕೆ ಹಾರ್ನೆಸ್ ಕಟ್ಕೊಂಡು, ಕಾಲು ಪಟ್ಟಿಯೊಳಗೆ ಇಟ್ಟು ಓಡಿಸೋರ ಲೆಕ್ಕ ಅದು. ಮತ್ತೆ ಶುರು ಮಾಡೋರಿಗೆ ಮೊದಲು ಬೇಕಾಗಿರೋದು ಹಾಯಿ ಎತ್ತೋದು, ಹೋಗೋದು, ತಿರುಗಿಸೋದು, ಹೊರಟ ಜಾಗಕ್ಕೇ ವಾಪಸ್ ಬರೋದು. ಅದಕ್ಕೆ ಆ ಲೆಕ್ಕದ ಮೂರರಲ್ಲಿ ಎರಡು ಭಾಗ ಸಾಕು. ಅಂದ್ರೆ ನನ್ನ ತೂಕದೋರಿಗೆ 5ರಿಂದ 5.5ರೊಳಗೆ. ಒಂದು ಸೀಸನ್ ಆದ್ಮೇಲೆ 7.5 ತಗೊಳಿ, ಆಗ ಎರಡು ಹಾಯಿ ಇರುತ್ತೆ, ಗಾಳಿ ನೋಡ್ಕೊಂಡು ಆರಿಸ್ಕೊಬಹುದು.

ನಮ್ಮ ಕಡೆಯೋರಿಗೆ ಇನ್ನೊಂದು ಮಾತು. ತುಮಕೂರು ಸಮುದ್ರ ಮಟ್ಟದಿಂದ 800 ಮೀಟರ್ ಮೇಲಿದೆ, ಚಿಕ್ಕಬಳ್ಳಾಪುರ ಇನ್ನೂ ಸ್ವಲ್ಪ ಎತ್ತರ. ಎತ್ತರ ಹೋದಂಗೆ ಗಾಳಿ ತೆಳುವಾಗುತ್ತೆ, 800 ಮೀಟರಿಗೆ ಸುಮಾರು ನೂರಕ್ಕೆ 8ರಷ್ಟು ಕಮ್ಮಿ ಸಾಂದ್ರತೆ. ಹಾಯಿಯನ್ನ ತಳ್ಳೋದು ಆ ಸಾಂದ್ರತೇನೇ, ಹಂಗಾಗಿ ಆ್ಯಪಲ್ಲಿ 12 ನಾಟ್ ಅಂತ ತೋರಿಸಿದ್ರೂ ಕೈಗೆ ಸಿಗೋ ಎಳೆತ ಗೋವಾದ 12ಕ್ಕಿಂತ ಸ್ವಲ್ಪ ಕಮ್ಮಿ. ಗೋವಾದಲ್ಲಿ 5.5 ಸಾಕಾಗೋ ಜಾಗದಲ್ಲಿ ಇಲ್ಲಿ 6 ಬೇಕು. ನಾನು 6.0 ತಗೊಂಡೆ, ಸರಿಯಾಗಿದೆ. ಆದ್ರೆ ಇದನ್ನೇ ನೆಪ ಮಾಡ್ಕೊಂಡು ಎಂಟು ಒಂಬತ್ತಕ್ಕೆ ಹೋಗ್ಬೇಡಿ, ನೀರಲ್ಲಿ ಬಿದ್ದ ದೊಡ್ಡ ಹಾಯಿ ಮೇಲೆ ನೀರು ನಿಂತಿರುತ್ತೆ, ಅದನ್ನ ಎತ್ತಿ ಎತ್ತಿ ಸೊಂಟ ಹಿಡ್ಕೊಂಡ್ರೆ ಆ ಸೀಸನ್ನೇ ಹೋಯ್ತು.

ಹಾಯಿ ತಗೊಂಡ್ರೆ ಆಯ್ತಾ, ಅದಕ್ಕೆ ಒಪ್ಪೋ ಮಾಸ್ಟ್ ಬೇಕು. ಮಾಸ್ಟ್ ಅಂದ್ರೆ ಬರೀ ಕಂಬ ಅಲ್ಲ, ಅದು ಎಷ್ಟು ಬಾಗುತ್ತೆ, ಎಲ್ಲಿ ಬಾಗುತ್ತೆ ಅನ್ನೋದ್ರ ಮೇಲೆ ಹಾಯಿಯ ಆಕಾರ ನಿಂತಿದೆ. ಪ್ರತಿ ಹಾಯಿಯ ಕೆಳಗಡೆ ಅಚ್ಚಾಗಿರುತ್ತೆ, ಲಫ್ (ಮಾಸ್ಟ್ ಕಡೆಯ ಅಂಚಿನ ಉದ್ದ) ಎಷ್ಟು, ಬೂಮ್ ಎಷ್ಟು, ಮಾಸ್ಟ್ ಎಷ್ಟು ಅಂತ. ಲಫ್ 446 ಅಂತಿದ್ದು ಮಾಸ್ಟ್ 430 ಇದ್ರೆ ಉಳಿದ 16 ಸೆಂಟಿಮೀಟರನ್ನ ಬುಡದ ಎಕ್ಸ್‌ಟೆನ್ಷನ್ನಲ್ಲಿ ಹೊಂದಿಸ್ಬೇಕು. ಜೊತೆಗೆ ಐಎಂಸಿಎಸ್ ಅಂತ ಒಂದು ನಂಬರ್, ಅದು ಗಡಸುತನ, 430ಕ್ಕೆ 21, 460ಕ್ಕೆ 25 ಅಂತ ಇರುತ್ತೆ. ದಪ್ಪ ಮಾಸ್ಟು ತೆಳು ಮಾಸ್ಟು ಅಂತ ಎರಡು ಜಾತಿ ಬೇರೆ, ಒಂದರ ಎಕ್ಸ್‌ಟೆನ್ಷನ್ ಇನ್ನೊಂದಕ್ಕೆ ಕೂರಲ್ಲ. ಬಿಡಿ ಬಿಡಿಯಾಗಿ ನಾಲ್ಕು ಜನರ ಹತ್ರ ಅಗ್ಗಕ್ಕೆ ತಗೊಂಡ್ರೆ ಕೊನೆಗೆ ಒಂದಕ್ಕೊಂದು ಸೇರದೆ ಮೂಲೆಗೆ ಬೀಳುತ್ತೆ. ಸಾಧ್ಯ ಆದ್ರೆ ಒಬ್ಬರ ಹತ್ರ ಪೂರ್ತಿ ಸೆಟ್ ತಗೊಳಿ, ಅವರ ಮುಂದೇನೇ ಕಟ್ಟಿ ನೋಡಿ.

ಕಟ್ಟೋದು ಅಂದ್ರೆ ಹೆಂಗೆ ಅಂತ ನನ್ನ ಚಿಕ್ಕಪ್ಪನ ಮಗನಿಗೆ ನಮ್ಮ ತಾರಸಿ ಮೇಲೇ ತೋರಿಸ್ದೆ. ಬಟ್ಟೆ ಒಣಗಾಕೋ ತಂತಿ ಬಿಚ್ಚಿ ಜಾಗ ಮಾಡ್ಕೊಂಡು ಹಾಯಿ ಹಾಸಿದ್ವಿ, ಮಾಸ್ಟನ್ನ ಅದರ ತೋಳಿನಂಥ ಚೀಲದೊಳಗೆ ತೂರಿಸಿ, ಬುಡದ ರಾಟೆಯಲ್ಲಿ ಹಗ್ಗ ಪೋಣಿಸಿ, ನಾನು ಕಾಲು ಕೊಟ್ಟು ಹಿಂದಕ್ಕೆ ಎಳೀತಾ ಹೋದೆ. ಅದು ಡೌನ್‌ಹಾಲ್. ಎಳೀತಾ ಎಳೀತಾ ಮಾಸ್ಟು ಬಿಲ್ಲಿನ ಹಂಗೆ ಬಾಗ್ತು, ಹಾಯಿಯ ಹೊಟ್ಟೆ ಸುಕ್ಕು ಬಿಟ್ಟು ಬಿಗಿಯಾಯ್ತು, ಆದ್ರೆ ಮೇಲ್ಗಡೆ ಹಿಂದಿನ ಅಂಚು ಮಾತ್ರ ಸಡಿಲ ಆಗಿ ಜೋತು ಬಿತ್ತು. "ಅಣ್ಣ, ಇಲ್ಲಿ ಲೂಸ್ ಇದೆ, ಇನ್ನೂ ಎಳಿಬೇಕೇನೋ" ಅಂದ ಅವನು. ನಾನೂ ಮೊದಲು ಹಂಗೇ ಅಂದ್ಕೊಂಡು ಡೌನ್‌ಹಾಲ್ ಬಿಟ್ಟುಕೊಟ್ಟು, ಹಾಯಿಯನ್ನ ಬೂಮಿನ ಹಿಂದಿನ ತುದಿಗೆ ಬಿಗಿಯೋ ಹಗ್ಗ, ಅಂದ್ರೆ ಔಟ್‌ಹಾಲ್, ಎಳೆದು ಆ ಸಡಿಲ ತೆಗೆಯೋಕೆ ನೋಡ್ತಿದ್ದೆ, ಯಾಕಂದ್ರೆ ನಾವು ಕಲ್ತ ಡ್ಯಾಕ್ರಾನ್ ಬಟ್ಟೆ ಹಾಯಿಗಳು ಪೂರ್ತಿ ಬಿಗಿಯಾಗಿ ಇರ್ತಿದ್ವು. ಈಗಿನ ಹಾಯಿಗೆ ಆ ಸಡಿಲ ಬೇಕು. ಜೋರು ಗಾಳಿ ಬಡಿದಾಗ ಆ ಮೇಲಿನ ಭಾಗ ತಾನೇ ತಿರುಚಿ ಗಾಳಿ ಬಿಟ್ಟುಬಿಡುತ್ತೆ, ಏಟು ನಿಮ್ಮ ಕೈಗೆ ಪೂರ್ತಿ ಬರಲ್ಲ. ಆ ನಾಲ್ಕು ಪಟ್ಟಿನ ಲೆಕ್ಕ ಹೇಳಿದ್ನಲ್ಲ, ಅದಕ್ಕೆ ಇದೇ ಮದ್ದು. ಬೂಮನ್ನ ಭುಜ ಮತ್ತೆ ಗದ್ದದ ಮಧ್ಯದ ಎತ್ತರಕ್ಕೆ ಕಟ್ಟಿ. ಮಾಸ್ಟಿನ ಹತ್ರ ಹಾಯಿಯ ಆಕಾರ ಹಿಡಿದಿಡೋ ಪ್ಲಾಸ್ಟಿಕ್ ತುಂಡು, ಅಂದ್ರೆ ಕ್ಯಾಂಬರ್, ಇರೋ ರೇಸಿಂಗ್ ಹಾಯಿ ಈಗ ಬೇಡ, ಭಾರ ಜಾಸ್ತಿ, ಕಟ್ಟೋದೂ ಕಷ್ಟ.

ಇದು ನಮ್ಮೂರ ಅಂಗಡೀಲಿ ಸಿಗೋ ಸಾಮಾನಲ್ಲ, ಹಂಗಾಗಿ ಹೆಚ್ಚಿನವರು ಸೆಕೆಂಡ್ ಹ್ಯಾಂಡೇ ತಗೋತೀರ. ಬೋರ್ಡನ್ನ ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡಿ, ಮಾಸ್ಟ್ ಕೂರೋ ಪಟ್ಟಿ ಸುತ್ತ, ಹಿಮ್ಮಡಿ ಬರೋ ಜಾಗ, ಅಲ್ಲಿ ಮೆತ್ತಗೆ ಒಳಗೆ ಹೋದ್ರೆ ಬೇಡ. ತೂಕ ಹಾಕಿಸಿ, ಕಂಪನಿ ಹೇಳಿದ್ದಕ್ಕಿಂತ ಎರಡು ಮೂರು ಕೆಜಿ ಜಾಸ್ತಿ ಇದ್ರೆ ಒಳಗಿನ ಫೋಮ್ ನೀರು ಕುಡಿದಿದೆ ಅಂತ ಅರ್ಥ. ಫಿನ್ ಕೂರೋ ಜಾಗದಲ್ಲಿ ಬಿರುಕು ನೋಡಿ. ಹಾಯಿಯ ಪಾರದರ್ಶಕ ಭಾಗ ಮಂಜಾಗಿ, ಮಡಚಿದ್ರೆ ಚರಚರ ಅಂದ್ರೆ ಬಿಸಿಲಿಗೆ ಸತ್ತಿದೆ, ಮೊದಲನೇ ಬೀಳಲ್ಲೇ ಹರಿಯುತ್ತೆ. ಬೋರ್ಡಿಗೂ ಮಾಸ್ಟಿಗೂ ಮಧ್ಯೆ ಇರೋ ರಬ್ಬರ್ ಕೀಲನ್ನ ಬಾಗಿಸಿ ಸಣ್ಣ ಸೀಳು ಇದ್ಯಾ ನೋಡಿ, ಅನುಮಾನ ಬಂದ್ರೆ ಹೊಸದು ಹಾಕ್ಸಿ. ಇದರಲ್ಲಿ ಉಳಿತಾಯ ಮಾಡ್ಬೇಡಿ, ಕೆರೆ ಮಧ್ಯೆ ಅದು ಕಿತ್ತು ಬಂದ್ರೆ ಹಾಯಿ ಒಂದು ಕಡೆ ಬೋರ್ಡು ಒಂದು ಕಡೆ. ಲೈಫ್ ಜಾಕೆಟ್ ಬಗ್ಗೆ ಹೇಳೋದೇ ಬೇಡ, ಅದಿಲ್ದೆ ಇಳೀಬಾರ್ದು, ದಡದಲ್ಲಿ ಒಬ್ರು ಇರ್ಲೇಬೇಕು.

ಗಾಳಿ ತುಂಬೋ ಬೋರ್ಡು ಹೆಂಗೆ ಅಂತ ಕೇಳ್ತಾರೆ. ಮನೇಲಿ ಜಾಗ ಇಲ್ದೋರಿಗೆ, ಕಾರ್ ಡಿಕ್ಕೀಲಿ ಹಾಕ್ಕೊಂಡು ಹೋಗೋರಿಗೆ ಒಳ್ಳೇದು, ಮಧ್ಯದಲ್ಲಿ ಫಿನ್ ಇರೋದನ್ನ ನೋಡಿ ತಗೊಳಿ, ಜೋರು ಗಾಳೀಲಿ ಸ್ವಲ್ಪ ಬಳುಕುತ್ತೆ ಅಷ್ಟೇ. ಫಾಯಿಲ್, ಅಂದ್ರೆ ಬೋರ್ಡಿನ ಕೆಳಗೆ ಕಂಬದ ತುದೀಲಿ ಇದ್ದು ವೇಗದಲ್ಲಿ ಬೋರ್ಡನ್ನೇ ನೀರಿಂದ ಮೇಲೆತ್ತೋ ರೆಕ್ಕೆ, ಮಾತ್ರ ನಮ್ಮ ಕೆರೆಗಳಿಗೆ ಬೇಡ್ವೇ ಬೇಡ. ನೀರೊಳಗೆ ಮುಕ್ಕಾಲು ಮೀಟರಿಂದ ಒಂದು ಮೀಟರ್ ಇಳಿದಿರುತ್ತೆ ಅದರ ಕಂಬ. ಬತ್ತಿದ್ದ ವರ್ಷಗಳಲ್ಲಿ ಅಂಗಳದ ತುಂಬಾ ಜಾಲಿ ಬೆಳೆದು, ಕಡಿದ ಬುಡಗಳು ಹಂಗೇ ನೀರಡಿಯಲ್ಲಿವೆ. ವೇಗದಲ್ಲಿ ಹೋಗ್ತಾ ಒಂದು ಬುಡಕ್ಕೆ ಸಿಕ್ಕಿದ್ರೆ ಆಳು ಮುಂದಕ್ಕೆ ಎಸೆದು ಬೀಳ್ತಾನೆ. ಡ್ಯಾಗರ್ ಆದ್ರೆ ಹಿಂದಕ್ಕೆ ಮಡಚ್ಕೊಳ್ಳುತ್ತೆ, ಆದ್ರೂ ನಾನು ಬೇಸಿಗೇಲಿ ನೀರಿಳಿದಾಗ ಹೋಗಿ ಬುಡಗಳು ಎಲ್ಲೆಲ್ಲಿವೆ ಅಂತ ನೋಡ್ಕೊಂಡು, ಆ ಮೂಲೆಗೆ ಹೋಗೋದೇ ಇಲ್ಲ.

ಚಿಕ್ಕಪ್ಪನ ಮಗ ಈಗ ಕಲೀಬೇಕು ಅಂತ ಹಟ ಹಿಡಿದಿದ್ದಾನೆ. ಅವನು 62 ಕೆಜಿ, ಪೂರ್ತಿ ಹೊಸಬ, ಅಂದ್ರೆ 62ಕ್ಕೆ 100 ಸೇರಿಸಿದ್ರೆ 162, ನನ್ನ ಬೋರ್ಡೇ ಅವನಿಗೂ ಆಗುತ್ತೆ. ಹಾಯಿ ಮಾತ್ರ ನಂದು ಆಗಲ್ಲ, ಲೆಕ್ಕ ಹಾಕಿದ್ರೆ 4ರ ಸುತ್ತಮುತ್ತ ಬರುತ್ತೆ, ಕೆರೆ ಎತ್ತರಕ್ಕೆ ಸ್ವಲ್ಪ ಸೇರಿಸಿ 4.5 ಅಂತ ಇಟ್ಕೊಂಡಿದ್ದೀವಿ. 400ರ ಮಾಸ್ಟ್ ಸಮೇತ ಒಂದು ಹುಡುಕ್ತಾ ಇದ್ದೀವಿ, ಆಷಾಢಕ್ಕೆ ಮುಂಚೆ ಸಿಕ್ಕಿದ್ರೆ ಇಬ್ರೂ ಒಬ್ರಾದ್ಮೇಲೆ ಒಬ್ರು ಇಳೀತೀವಿ, ಒಬ್ರು ನೀರಲ್ಲಿದ್ರೆ ಇನ್ನೊಬ್ರು ಏರಿ ಮೇಲೆ.